ಗೇರ್‌ಬಾಕ್ಸಿಗೆ ತಲುಪದ ಸುದ್ದಿ

ಮೋಟಾರು ಕಾರುಗಳ ಕುರಿತು ನಾನು ಬರೆಯುವೆನೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರೂ ನಿರೀಕ್ಷಿಸಿರಲಾರರು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ ಸೈಕಲ್ಲಿನ ಹೊರತು ಬೇರೆ ವಾಹನವಿರಲಿಲ್ಲವೆಂಬುದು ಊರಿಗೆಲ್ಲ ಗೊತ್ತು. ಆದರೆ ಪ್ಯಾಸ್ಕಲನ ನಿಯಮವನ್ನು ಪಾಠ ಮಾಡುವಾಗ "ಇದರಿಂದ ನಮಗೇನು ಉಪಯೋಗ ಸಾರ್?" ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದವರಿಗೆ ಇಂದು ತಕ್ಕ ಉದಾಹರಣೆಯೊಂದನ್ನು ಕೊಡಬಲ್ಲೆ. ಕೆಟ್ಟಿರುವುದು ಒಂದು ಕಡೆ, ಅದು ಕಾಣಿಸಿಕೊಳ್ಳುವುದು ಇನ್ನೊಂದು ಕಡೆ ಎಂಬ ಮಾತಿಗೂ ಅದೇ ಉದಾಹರಣೆಯಾಗುತ್ತದೆ.

2023ರ ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಂಟನ್ ಎಂಬಲ್ಲಿ ನನ್ನ ತಂಗಿಯ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದೆವು. ಡೆಟ್ರಾಯಿಟ್ ನಗರದ ಪಶ್ಚಿಮಕ್ಕಿರುವ ಈ ಪ್ರದೇಶದಲ್ಲಿ ಕಾರು ಕೇವಲ ವಾಹನವಲ್ಲ. ಮಲೆನಾಡಿನವರಿಗೆ ಅಡಿಕೆ ತೋಟವಿದ್ದಂತೆ, ಮನೆಮಾತಿನ ವಿಷಯ. ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳ ಮೂರನೆಯ ಶನಿವಾರ, ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯುದ್ದಕ್ಕೂ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. 1995ರಲ್ಲಿ ಆರಂಭವಾದ ಈ 'ಡ್ರೀಮ್ ಕ್ರೂಸ್' ನೋಡಲು ನಮ್ಮ ಜಾತ್ರೆಯ ತೇರಿಗೆ ಸೇರುವಂತೆ ಜನ ಸೇರುತ್ತಾರೆ.

ಆ ಮೆರವಣಿಗೆಗಾಗಿಯೇ ನನ್ನ ಸೋದರಳಿಯನೂ ಅವನ ಹದಿನೇಳು ವರ್ಷದ ಮಗನೂ ಸೇರಿ ಎರಡು ವರ್ಷಗಳಿಂದ ಒಂದು ಕಾರನ್ನು ಸಿದ್ಧಪಡಿಸುತ್ತಿದ್ದರು. ಅದು 1986ರ ಷೆವ್ರೊಲೆ ಕ್ಯಾಮರೊ. ಕಾರ್ಖಾನೆಯಿಂದ ಬಂದಾಗ ಅದರಲ್ಲಿದ್ದುದು 5.0 ಲೀಟರಿನ ಎಂಜಿನ್ನು. ಇವರು ಅದನ್ನು ಇಳಿಸಿ, ಹೆಚ್ಚು ಶಕ್ತಿಯ 5.7 ಲೀಟರಿನ ಎಂಜಿನ್ನನ್ನು ಕೂರಿಸಿದ್ದರು. ಮೂಲ ಕಾರ್ಬುರೇಟರನ್ನು ತೆಗೆದು, ಹೆಚ್ಚು ಗಾಳಿ ಬಿಡುವ ಬೇರೊಂದನ್ನು ಜೋಡಿಸಿದ್ದರು. ಗೇರ್‌ಬಾಕ್ಸ್ ಮಾತ್ರ ಮೊದಲಿನದೇ: ನಾಲ್ಕು ವೇಗಗಳ ಆಟೊಮ್ಯಾಟಿಕ್. ಜನರಲ್ ಮೋಟಾರ್ಸ್ 1982ರ ಮಾದರಿಗಳಿಂದ ಬಳಕೆಗೆ ತಂದ ಈ ಗೇರ್‌ಬಾಕ್ಸನ್ನು 700-ಆರ್4 ಎಂದು ಕರೆಯುತ್ತಾರೆ.

ನಾವು ಹೋದಾಗ ಕಾರು ಸಿದ್ಧವಾಗಿತ್ತು. ಮನೆಯಲ್ಲಿ ಸಂತೋಷ ಮಾತ್ರ ಇರಲಿಲ್ಲ. ಎಂಜಿನ್ನು ಸಿಂಹದಂತೆ ಗರ್ಜಿಸುತ್ತಿತ್ತು, ಕಾರು ಎತ್ತಿನ ಗಾಡಿಯಂತೆ ಸಾಗುತ್ತಿತ್ತು. ಹುಡುಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದ. ಹೊರಟು ಸ್ವಲ್ಪ ದೂರಕ್ಕೇ ಗೇರು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಜಾರಿಕೊಂಡು, ಎಂಜಿನ್ನು ಇನ್ನೂ ಉಸಿರು ಹಿಡಿಯುವ ಮೊದಲೇ ನಾಲ್ಕನ್ನು ಸೇರುತ್ತಿತ್ತು. ಬದಲಾವಣೆಯೂ ಚಕ್ಕನೆ ಆಗುತ್ತಿರಲಿಲ್ಲ. ಒಂದು ಗೇರು ಬಿಟ್ಟು ಇನ್ನೊಂದು ಹಿಡಿಯುವ ನಡುವೆ ಎಂಜಿನ್ನಿನ ಸದ್ದು ಮೇಲೇರಿ ನಿಧಾನವಾಗಿ ಇಳಿಯುತ್ತಿತ್ತು. ಆಕ್ಸಿಲರೇಟರನ್ನು ಜೋರಾಗಿ ಒತ್ತಿದರೆ ಆಟೊಮ್ಯಾಟಿಕ್ ಕಾರು ತಾನಾಗಿಯೇ ಕೆಳಗಿನ ಗೇರಿಗೆ ಬರಬೇಕು. ಇದು ಬರುತ್ತಿರಲಿಲ್ಲ.

"ನಿದ್ದೇಲಿ ನಡೆಯೋರ ಥರ ಹೋಗುತ್ತೆ ತಾತ" ಎಂದ ಹುಡುಗ, ತನ್ನ ಅರ್ಧ ಕನ್ನಡದಲ್ಲಿ.

ಅವರು ಅದಾಗಲೇ ಒಂದು ಗ್ಯಾರೇಜಿಗೆ ತೋರಿಸಿದ್ದರು. ಅಲ್ಲಿನವನು ಓಡಿಸಿ ನೋಡಿ, ಗೇರ್‌ಬಾಕ್ಸಿನ ಆಯುಸ್ಸು ಮುಗಿದಿದೆ, ಬಿಚ್ಚಿ ಒಳಗಿನ ಕ್ಲಚ್ಚುಗಳನ್ನೆಲ್ಲ ಬದಲಿಸಬೇಕು, ಮೂರು ಸಾವಿರ ಡಾಲರ್ ಆದೀತು ಎಂದಿದ್ದ. ಅವನ ಮಾತು ನಿರಾಧಾರವಲ್ಲ. ಈ ಜಾತಿಯ ಗೇರ್‌ಬಾಕ್ಸಿನಲ್ಲಿ ಮೂರು ಮತ್ತು ನಾಲ್ಕನೆಯ ಗೇರುಗಳ ಕ್ಲಚ್ಚು ಬೇಗ ಸುಡುತ್ತದೆಂಬುದು ಅಲ್ಲಿನ ಮೆಕ್ಯಾನಿಕರಿಗೆಲ್ಲ ತಿಳಿದ ಸಂಗತಿ. ಆದರೆ ಹುಡುಗ ಮರುವರ್ಷ ಎಂಜಿನಿಯರಿಂಗ್ ಓದಲು ಹೊರಡುವವನು. ಶುಲ್ಕಕ್ಕೆ ಕೂಡಿಡುತ್ತಿದ್ದ ಹಣದಲ್ಲಿ ಮೂರು ಸಾವಿರವನ್ನು ಆಟದ ಕಾರಿಗೆ ಸುರಿಯಲು ತಂದೆ ಒಪ್ಪಲಿಲ್ಲ. "ಇದ್ದ ಹಾಗೇ ಮಾರಿಬಿಡೋಣ ಮಾವ, ಎರಡು ವರ್ಷ ಹಾಳಾಯ್ತು ಅಂದ್ಕೋತೀನಿ" ಎಂದು ನನ್ನೆದುರೇ ಹೇಳಿದ. ಮಗ ಏನೂ ಹೇಳದೆ ಮೇಲಿನ ಕೋಣೆಗೆ ಹೋದ. ಆ ಮೇಲೆ ತಂದೆ-ಮಗನ ನಡುವೆ ಊಟಕ್ಕೆ ಕರೆಯುವಷ್ಟೇ ಮಾತು ಉಳಿಯಿತು. ಎರಡು ವರ್ಷದ ಭಾನುವಾರಗಳನ್ನು ಅವರಿಬ್ಬರೂ ಒಂದೇ ಬಾನೆಟ್ಟಿನ ಕೆಳಗೆ ಕಳೆದಿದ್ದರೆಂಬುದನ್ನು ನೆನೆದರೆ, ಕೆಟ್ಟದ್ದು ಗೇರ್‌ಬಾಕ್ಸ್ ಒಂದೇ ಅಲ್ಲವೆಂದು ನನಗೆ ಅನ್ನಿಸಿತು.

ಇಲ್ಲಿ ಸ್ವಲ್ಪ ಪಾಠ ಮಾಡಬೇಕಾಗಿದೆ. ಅಭ್ಯಾಸಬಲ, ಸಹಿಸಿಕೊಳ್ಳಿ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಂಬುದು ಆ ಸೀಮೆಯಲ್ಲಿಯೇ ಬೆಳೆದ ಕೂಸು. ಸಂಪೂರ್ಣ ಆಟೊಮ್ಯಾಟಿಕ್ ಆಗಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲನೆಯದು, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಬಂದ ಹೈಡ್ರಾಮ್ಯಾಟಿಕ್. ಕ್ಯಾಂಟನ್ನಿಗೆ ಸಮೀಪದ ಲಿವೋನಿಯಾದಲ್ಲಿದ್ದ ಅದರ ಕಾರ್ಖಾನೆ 1953ರ ಆಗಸ್ಟ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಬಳಿಕ ಆ ಕೆಲಸ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬರ್ ವಿಮಾನಗಳನ್ನು ಕಟ್ಟಿದ್ದ ವಿಲ್ಲೋ ರನ್ ಕಾರ್ಖಾನೆಗೆ ಹೋಯಿತು. ಈ ಪೀಳಿಗೆಯ ಗೇರ್‌ಬಾಕ್ಸ್‌ಗಳೆಲ್ಲ ಎಣ್ಣೆಯ ಒತ್ತಡದಿಂದ ಯೋಚಿಸುವ ಯಂತ್ರಗಳು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದು ನಾನು ಸಿರಿಂಜುಗಳನ್ನು ಹಿಡಿದು ತೋರಿಸುತ್ತಿದ್ದೆನಲ್ಲ, ಅಲ್ಲಿ ನಡೆಯುವುದೂ ಅದೇ.

ಒಳಗೆ ಒಂದು ಪಂಪು ಎಣ್ಣೆಯನ್ನು ಒತ್ತುತ್ತದೆ. ಆ ಒತ್ತಡ ಕ್ಲಚ್ಚಿನ ತಟ್ಟೆಗಳನ್ನು ಒಂದಕ್ಕೊಂದು ಅದುಮುತ್ತದೆ. ಯಾವ ತಟ್ಟೆಗಳ ಕಟ್ಟು ಅದುಮಿತೆಂಬುದರ ಮೇಲೆ ಗೇರು ನಿರ್ಧಾರವಾಗುತ್ತದೆ. ಯಾವಾಗ ಬದಲಿಸಬೇಕೆಂದು ತೀರ್ಮಾನಿಸುವುದು ಒಂದು ಹಗ್ಗಜಗ್ಗಾಟದಂತೆ. ಪುಟ್ಟ ಕವಾಟವೊಂದನ್ನು ಒಂದು ಕಡೆಯಿಂದ ಕಾರಿನ ವೇಗಕ್ಕೆ ತಕ್ಕಂತೆ ಏರುವ ಒತ್ತಡ ತಳ್ಳುತ್ತದೆ. ಇನ್ನೊಂದು ಕಡೆಯಿಂದ, ಚಾಲಕನು ಆಕ್ಸಿಲರೇಟರನ್ನು ಎಷ್ಟು ಒತ್ತಿದ್ದಾನೋ ಅದಕ್ಕೆ ತಕ್ಕ ಒತ್ತಡ ತಳ್ಳುತ್ತದೆ. ವೇಗದ ಒತ್ತಡ ಗೆದ್ದ ಕ್ಷಣ ಮೇಲಿನ ಗೇರು ಬೀಳುತ್ತದೆ. ಕಾಲು ಹಗುರವಾಗಿದ್ದರೆ ವೇಗ ಬೇಗ ಗೆಲ್ಲುತ್ತದೆ. ಕಾಲು ಭಾರವಾಗಿದ್ದರೆ ತಡವಾಗಿ.

ಆದರೆ ಕಾರಿನ ಹೊಟ್ಟೆಯ ಕೆಳಗೆ ಕುಳಿತ ಗೇರ್‌ಬಾಕ್ಸಿಗೆ ಚಾಲಕನ ಕಾಲು ಕಾಣುವುದಾದರೂ ಹೇಗೆ? ಕಾರ್ಬುರೇಟರಿನ ಪಕ್ಕದಲ್ಲಿ, ಆಕ್ಸಿಲರೇಟರಿನೊಡನೆ ತಿರುಗುವ ಒಂದು ಸನ್ನೆಕೋಲಿದೆ. ಅದಕ್ಕೆ ಸಿಕ್ಕಿಸಿದ ಉಕ್ಕಿನ ತಂತಿಯೊಂದು, ಸೈಕಲ್ಲಿನ ಬ್ರೇಕಿನ ತಂತಿಯಂತೆ, ಕೊಳವೆಯೊಳಗೆ ಸಾಗಿ ಗೇರ್‌ಬಾಕ್ಸನ್ನು ಸೇರುತ್ತದೆ. ಇದರ ಹೆಸರು ಟಿ.ವಿ. ಕೇಬಲ್. ನನ್ನ ಪತ್ನಿ ಇದನ್ನು ಕೇಳಿ, "ಟಿ.ವಿ. ನೋಡೋದಕ್ಕೆ ಕಾರಿಗೂ ಕೇಬಲ್ ಬೇಕಾ?" ಎಂದಳು. ಇಲ್ಲಿ ಟಿ.ವಿ. ಎಂದರೆ ಥ್ರಾಟಲ್ ವಾಲ್ವ್. ಗೇರು ಬದಲಾಗುವ ಸಮಯ, ಕ್ಲಚ್ಚನ್ನು ಹಿಡಿಯುವ ಬಲ, ಜೋರಾಗಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಯುವ ಕ್ರಿಯೆ, ಈ ಮೂರನ್ನೂ ಆ ಒಂದು ತಂತಿಯ ಎಳೆತವೇ ನಿಯಂತ್ರಿಸುತ್ತದೆ. ತಂತಿ ಸಾಕಷ್ಟು ಎಳೆಯದಿದ್ದರೆ ಗೇರುಗಳು ಬೇಗ ಬೇಗ ಏರುತ್ತವೆ. ಒತ್ತಡ ಕಡಿಮೆಯಿರುವುದರಿಂದ ತಟ್ಟೆಗಳು ಗಟ್ಟಿಯಾಗಿ ಹಿಡಿಯದೆ ಜಾರುತ್ತವೆ, ಜಾರಿದಾಗ ಕಾಯುತ್ತವೆ, ಕಾದರೆ ಸುಡುತ್ತವೆ. ಬಲಿಷ್ಠ ಎಂಜಿನ್ನಿನ ಮುಂದೆ ಇದಕ್ಕೆ ಹೆಚ್ಚು ಕಾಲ ಬೇಡ.

ಇಷ್ಟನ್ನೂ ನಾನು ಅಲ್ಲಿಯೇ ಕಲಿತದ್ದು. ಕಲಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅದೇ ಪ್ರದೇಶದಲ್ಲಿ ಇಪ್ಪತ್ತು ವರ್ಷಗಳಿಂದ ಗೇರ್‌ಬಾಕ್ಸ್‌ಗಳ ಪರೀಕ್ಷಾ ವಿಭಾಗದಲ್ಲಿ ಎಂಜಿನಿಯರ್. ಕನ್ನಡ ಕೂಟದ ಸಮಾರಂಭದಲ್ಲಿ ಸಿಕ್ಕವನು ಕಾಲಿಗೆರಗಿ, ಕಾರಿನ ಕತೆಯನ್ನು ಕೇಳಿ, "ಸಾರ್, ಬಿಚ್ಚೋದಕ್ಕೆ ಮೊದಲು ನೀವೇ ಹೇಳ್ತಿದ್ದ ಹಾಗೆ ಒಂದೊಂದೇ ನೋಡಿ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ" ಎಂದ. ಪ್ರಯೋಗಶಾಲೆಯಲ್ಲಿ ನಾನು ಹೇಳುತ್ತಿದ್ದ ಮಾತು ಸಾವಿರಾರು ಮೈಲಿ ದಾಟಿ ನನಗೇ ಮರಳಿ ಬಂದಿತ್ತು. ಮರುದಿನ ನಾನೂ ಹುಡುಗನೂ ಒಂದು ನೋಟುಪುಸ್ತಕ ಹಿಡಿದು ಗ್ಯಾರೇಜಿಗೆ ಇಳಿದೆವು.

ಮೊದಲನೆಯದು ಎಣ್ಣೆ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ, ಅದು ಓಡುತ್ತಿರುವಾಗಲೇ ಕಡ್ಡಿ ತೆಗೆದು ನೋಡಬೇಕು. ಮಟ್ಟ ಸರಿಯಾಗಿತ್ತು. ಬಿಳಿಯ ಕಾಗದದ ಮೇಲೆ ಒಂದು ಹನಿ ಇಟ್ಟೆವು: ಕೆಂಪು ಸ್ವಲ್ಪ ಕಂದಿತ್ತು, ಆದರೆ ಸುಟ್ಟ ವಾಸನೆಯಿಲ್ಲ, ಕಪ್ಪು ಪುಡಿಯಿಲ್ಲ. ಕ್ಲಚ್ಚು ಸುಟ್ಟಿದ್ದರೆ ಎಣ್ಣೆಯೇ ಸಾಕ್ಷಿ ಹೇಳುತ್ತಿತ್ತು. ಹುಡುಗನ ಮುಖದಲ್ಲಿ ಮೊದಲ ಬಾರಿಗೆ ಆಸೆ ಕಂಡೆ.

ಎರಡನೆಯದು ಎಂಜಿನ್ನು. ಎಷ್ಟೋ ಸಲ ಎಂಜಿನ್ನಿನ ಸೋಮಾರಿತನದ ಅಪವಾದ ಗೇರ್‌ಬಾಕ್ಸಿನ ಮೇಲೆ ಬರುತ್ತದೆಯಂತೆ. ಎಂಜಿನ್ನನ್ನು ನಿಲ್ಲಿಸಿ, ನಾನು ಒಳಗೆ ಕುಳಿತು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದೆ. ಹುಡುಗ ಕಾರ್ಬುರೇಟರಿನ ಬಾಯಿಯನ್ನು ಪರೀಕ್ಷಿಸಿದ. ಕವಾಟಗಳು ಪೂರ್ತಿ ತೆರೆಯುತ್ತಿದ್ದವು. ಕಿಡಿಯ ಸಮಯವೂ ಸರಿಯಿತ್ತು.

ಮೂರನೆಯದು ಟಾರ್ಕ್ ಕನ್ವರ್ಟರ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಈ ಅಂಗದಲ್ಲಿ, ಹೆದ್ದಾರಿಯ ವೇಗದಲ್ಲಿ ಎರಡೂ ಬದಿಯನ್ನು ಬಿಗಿಯಾಗಿ ಸೇರಿಸುವ ಒಂದು ಬೀಗವಿದೆ. ಅದು ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ಅಕಾಲದಲ್ಲಿ ಬೀಗ ಬಿದ್ದರೂ ಕಾರು ಮಂಕಾಗುತ್ತದೆ. ಅದರ ತಂತಿಯನ್ನು ಕಳಚಿ ಒಂದು ಸುತ್ತು ಓಡಿಸಿದೆವು. ಯಾವ ವ್ಯತ್ಯಾಸವೂ ಆಗಲಿಲ್ಲ. ಮತ್ತೆ ಜೋಡಿಸಿ, ನೋಟುಪುಸ್ತಕದಲ್ಲಿ ಅಡ್ಡಗೆರೆ ಎಳೆದೆವು.

ನಾಲ್ಕನೆಯದು ಆ ಕೇಬಲ್. ಎಂಜಿನ್ನು ನಿಂತಿರುವಾಗ ಸನ್ನೆಕೋಲನ್ನು ಕೊನೆಯ ತನಕ ತಿರುಗಿಸಿ ಹಿಡಿದರೆ, ಕೇಬಲ್ಲು ತನ್ನ ಎಳೆತದ ತುದಿಯನ್ನು ಮುಟ್ಟಿರಬೇಕು. ಕೈಯಿಂದ ಇನ್ನಷ್ಟು ಎಳೆಯಲು ಬರಬಾರದು. ಹುಡುಗ ತಿರುಗಿಸಿ ಹಿಡಿದ, ನಾನು ಎರಡು ಬೆರಳಿನಿಂದ ಎಳೆದೆ. ಕೇಬಲ್ಲು ಹೆಬ್ಬೆರಳಿನ ಅಗಲದಷ್ಟು ಸಲೀಸಾಗಿ ಮುಂದಕ್ಕೆ ಬಂತು.

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಎಂಜಿನ್ನಿಗೆ ಪೂರ್ತಿ ಕಾಲು, ಗೇರ್‌ಬಾಕ್ಸಿಗೆ ಅದರಲ್ಲೊಂದು ಪಾಲು ಮಾತ್ರ! ಚಾಲಕ ಅರ್ಧ ಒತ್ತಿದಾಗಲಂತೂ, ಅವನು ಒತ್ತಿಯೇ ಇಲ್ಲವೇನೋ ಎಂಬಂತೆ ಅದು ನಡೆದುಕೊಳ್ಳುತ್ತಿತ್ತು. ಅದು ಮಂದವಾಗಿರಲಿಲ್ಲ. ತನಗೆ ತಲುಪಿದ ಸುದ್ದಿಗೆ ತಕ್ಕಂತೆ ಅತ್ಯಂತ ವಿಧೇಯವಾಗಿ ಕೆಲಸ ಮಾಡುತ್ತಿತ್ತು.

ಕಾರಣ ರೇಖಾಗಣಿತದಲ್ಲಿತ್ತು. ಸನ್ನೆಕೋಲು ಒಂದೇ ಕೋನ ತಿರುಗಿದರೂ, ಕೇಬಲ್ಲನ್ನು ಸಿಕ್ಕಿಸಿದ ರಂಧ್ರವು ತಿರುಗಣೆಯಿಂದ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಎಳೆತ ನಿರ್ಧಾರವಾಗುತ್ತದೆ. ತ್ರಿಜ್ಯ ಕಡಿಮೆಯಾದರೆ ಚಾಪವೂ ಕಡಿಮೆ. ಮೂಲ ಕಾರ್ಬುರೇಟರಿನ ಸನ್ನೆಕೋಲನ್ನು ಈ ಗೇರ್‌ಬಾಕ್ಸಿನ ಅಳತೆಗೆಂದೇ ಮಾಡಿದ್ದರು. ಹೊಸದರಲ್ಲಿ ರಂಧ್ರ ತಿರುಗಣೆಗೆ ಹತ್ತಿರವಿತ್ತು. ಕೇಬಲ್ಲನ್ನು ಬಿಗಿ ಮಾಡಿದರೆ ಸಾಲದೇ ಎಂದು ಹುಡುಗ ಕೇಳಿದ. ಸಾಲದು. ಕೊನೆಯಲ್ಲಿ ಸರಿಹೊಂದುವಷ್ಟು ಬಿಗಿ ಮಾಡಿದರೆ, ಕಾಲಿಡುವ ಮೊದಲೇ ಅದು ಎಳೆದುಕೊಂಡಿರುತ್ತದೆ. ಆರಂಭಕ್ಕೆ ಹೊಂದಿಸಿದರೆ ಕೊನೆಯಲ್ಲಿ ಸಾಲದು. ಸೆಂಟಿಮೀಟರುಗಳ ಗುರುತೇ ತಪ್ಪಿರುವ ಅಳತೆಪಟ್ಟಿಯನ್ನು ಹಿಂದೆ ಮುಂದೆ ಸರಿಸಿದರೆ ಅಳತೆ ಸರಿಯಾದೀತೇ? ಸರಿಯಾದ ತ್ರಿಜ್ಯವನ್ನೂ ಕೋನವನ್ನೂ ಕೊಡುವ ಪುಟ್ಟ ಲೋಹದ ತುಂಡುಗಳು ಅಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ದೊರೆಯುತ್ತವೆ. ಬೆಲೆ ಮೂರು ಸಾವಿರವಲ್ಲ, ನಲವತ್ತು ಡಾಲರಿನ ಆಸುಪಾಸು.

ಹುಡುಗ ಸಂತೋಷಪಡಬೇಕಾಗಿತ್ತು. ಬದಲಾಗಿ ಅವನು ಸ್ಟೂಲಿನ ಮೇಲೆ ಕುಳಿತು, "ಕಾರ್ಬುರೇಟರ್ ಹಾಕಿದ್ದು ನಾನೇ ತಾತ" ಎಂದ. ಅವನ ಭಯ ನನಗೆ ಅರ್ಥವಾಯಿತು. ಸಂಜೆ ತಂದೆ ಬಂದ ಮೇಲೆ ತಾನೇ ಹೇಳುತ್ತೇನೆಂದು ಹೇಳಿ, ಹಾಗೆಯೇ ಮಾಡಿದ. ನೋಟುಪುಸ್ತಕವನ್ನು ಮುಂದಿಟ್ಟು, ನಾಲ್ಕು ಪರೀಕ್ಷೆಗಳನ್ನೂ ಕ್ರಮವಾಗಿ ವಿವರಿಸಿದ. ನನ್ನ ಸೋದರಳಿಯ ಪುಟಗಳನ್ನು ಎರಡು ಸಲ ತಿರುವಿ ಹಾಕಿದ. ಆಮೇಲೆ, "ಆ ಬ್ರಾಕೆಟ್ಟು ನಿನ್ನ ಪಟ್ಟೀಲಿ ಇತ್ತು ಕಣೋ. ಖರ್ಚು ಜಾಸ್ತಿ ಆಯ್ತು ಅಂತ ಅದನ್ನ ಹೊಡೆದುಹಾಕಿದ್ದು ನಾನು" ಎಂದ. ಆ ರಾತ್ರಿ ಇಬ್ಬರೂ ಊಟಕ್ಕೆ ತಡವಾಗಿ ಬಂದರು, ಕೈಯೆಲ್ಲ ಎಣ್ಣೆ.

ಬ್ರಾಕೆಟ್ಟು ಬಂದ ದಿನ ಜೋಡಿಸಿ, ಕೇಬಲ್ಲನ್ನು ಕ್ರಮದಂತೆ ಹೊಂದಿಸಿದರು. ಅದರ ತುದಿಯಲ್ಲಿರುವ ಗುಂಡಿಯನ್ನು ಒತ್ತಿ, ಜಾರುವ ಭಾಗವನ್ನು ಹಿಂದಕ್ಕೆ ತಳ್ಳಿ, ಗುಂಡಿ ಬಿಟ್ಟು, ಸನ್ನೆಕೋಲನ್ನು ಒಮ್ಮೆ ಪೂರ್ತಿ ತಿರುಗಿಸಿದರೆ ಅದು ಕಟಕಟನೆ ತನ್ನ ಜಾಗಕ್ಕೆ ತಾನೇ ಬಂದು ನಿಲ್ಲುತ್ತದೆ. ನನ್ನ ವಿದ್ಯಾರ್ಥಿ ಒತ್ತಡದ ಗೇಜು ತಂದು ಗೇರ್‌ಬಾಕ್ಸಿಗೆ ಜೋಡಿಸಿದ. ಕೇಬಲ್ಲನ್ನು ಎಳೆದಂತೆಲ್ಲ ಮುಳ್ಳು ಏರಿತು, ಬಿಟ್ಟಂತೆ ಇಳಿಯಿತು. ಪ್ಯಾಸ್ಕಲನಿಗೆ ಮನಸ್ಸಿನಲ್ಲಿಯೇ ನಮಸ್ಕರಿಸಿದೆ. ಕಾರು ಓಡಿತು, ಗೇರುಗಳು ತಡವರಿಸದೆ ಹಿಡಿದವು. ಕೆಲವು ದಿನ ಜಾರಿದ ಕ್ಲಚ್ಚಿಗೆ ಎಷ್ಟು ಸವೆತವಾಗಿದೆಯೋ ಅದನ್ನು ಕಾಲವೇ ಹೇಳಬೇಕೆಂದು ವಿದ್ಯಾರ್ಥಿ ಎಚ್ಚರಿಸಿದ. ಇನ್ನೊಂದು ತಿಂಗಳು ಹೀಗೆಯೇ ಓಡಿಸಿದ್ದರೆ ಗ್ಯಾರೇಜಿನವನ ಮಾತೇ ನಿಜವಾಗುತ್ತಿತ್ತು ಎಂದೂ ಹೇಳಿದ. ಆಗಸ್ಟಿನ ಆ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ತಂದೆ-ಮಗ ಸರದಿಯ ಮೇಲೆ ಕಾರು ಓಡಿಸಿದರು.

'ಮಂದ' ಎಂಬ ಪದವನ್ನು ಕೇಳಿದಾಗಲೆಲ್ಲ ನನಗೆ 1980ರ ದಶಕದ ಒಬ್ಬ ಹುಡುಗ ನೆನಪಾಗುತ್ತಾನೆ. ಹಿಂದಿನ ತರಗತಿಯಿಂದಲೇ ಅವನಿಗೆ ಆ ಹಣೆಪಟ್ಟಿ ಅಂಟಿತ್ತು. ಅವನ ಲೆಕ್ಕಗಳನ್ನು ನೋಡಿದೆ: ವಿಧಾನ ಸರಿ, ಉತ್ತರ ತಪ್ಪು. ಕಪ್ಪುಹಲಗೆಯ ಮೇಲಿನ 3 ಅವನ ಪುಸ್ತಕದಲ್ಲಿ 8 ಆಗಿರುತ್ತಿತ್ತು. ಮುಂದಿನ ಬೆಂಚಿಗೆ ಕರೆತಂದು, ತಾಲ್ಲೂಕು ಆಸ್ಪತ್ರೆಗೆ ಕಳಿಸಿ ಕನ್ನಡಕ ಕೊಡಿಸಿದ ಮೇಲೆ ಅವನು ಯಾರಿಗೂ ಮಂದನಾಗಿ ಕಾಣಲಿಲ್ಲ. ಇದನ್ನು ಓದಿದರೆ ತನ್ನನ್ನು ತಾನೇ ಗುರುತಿಸಿಕೊಂಡಾನು. ಲೆಕ್ಕ ಮಾಡುವ ಶಕ್ತಿಯಲ್ಲಿ ಅವನಿಗೆ ಕೊರತೆಯಿರಲಿಲ್ಲ. ಹಲಗೆಯಿಂದ ಕಣ್ಣಿಗೆ ಬರುವ ಸುದ್ದಿಯಲ್ಲಿತ್ತು.

ಬೆಂಗಳೂರಿನಲ್ಲಿ ಆಟೊಮ್ಯಾಟಿಕ್ ಕಾರು ಓಡಿಸುವ ನನ್ನ ವಿದ್ಯಾರ್ಥಿಗಳು, "ನಮ್ಮ ಕಾರಿನಲ್ಲಿ ಈ ಕೇಬಲ್ಲೇ ಇಲ್ಲವಲ್ಲ" ಎನ್ನಬಹುದು. ನಿಜ. ಇದೇ ಗೇರ್‌ಬಾಕ್ಸಿನ ವಂಶಕ್ಕೂ 1993ರಿಂದ ಕೇಬಲ್ಲು ಹೋಗಿ ಕಂಪ್ಯೂಟರು ಬಂತು. ಆದರೆ ತತ್ತ್ವ ಬದಲಾಗಿಲ್ಲ. ಎಂಜಿನ್ನು ಎಷ್ಟು ಗಾಳಿ ಎಳೆಯುತ್ತಿದೆ, ಎಷ್ಟು ಬಲ ಕೊಡುತ್ತಿದೆ ಎಂಬ ಲೆಕ್ಕವನ್ನು ನೋಡಿಯೇ ಕಂಪ್ಯೂಟರು ಎಣ್ಣೆಯ ಒತ್ತಡವನ್ನು ನಿರ್ಧರಿಸುತ್ತದೆ. ಗಾಳಿಯ ಕೊಳವೆಯನ್ನೋ ಅದರ ಸೆನ್ಸರನ್ನೋ ಬದಲಿಸಿ, 'ರಿಮ್ಯಾಪ್' ಮಾಡಿಸಿ, ಎಂಜಿನ್ನಿನ ಬಲ ಹೆಚ್ಚಿಸಿದವರು ಆ ಬದಲಾವಣೆಯನ್ನು ಗೇರ್‌ಬಾಕ್ಸಿಗೂ ತಿಳಿಸದಿದ್ದರೆ, ಅದು ಹಳೆಯ ಲೆಕ್ಕವನ್ನೇ ನಂಬಿ ಸಡಿಲವಾಗಿ ಹಿಡಿಯುತ್ತದೆ. ತಂತಿ ಉಕ್ಕಿನದಿರಲಿ, ತಾಮ್ರದ್ದಿರಲಿ, ಸುದ್ದಿ ಸರಿಯಾಗಿ ತಲುಪಬೇಕು.

ಆದ್ದರಿಂದ ನಿಮ್ಮ ಕಾರು ಮಂಕಾಗಿದ್ದರೆ ಈ ಕ್ರಮ ಅನುಸರಿಸಿ: ಕೆಡುವ ಮುನ್ನ ಕೊನೆಯದಾಗಿ ಏನನ್ನು ಬದಲಿಸಿದಿರಿ ಎಂದು ನೆನಪಿಸಿಕೊಳ್ಳಿ; ಎಣ್ಣೆಯ ಮಟ್ಟ, ಬಣ್ಣ, ವಾಸನೆ ನೋಡಿಸಿ; ಎಂಜಿನ್ನು ಆರೋಗ್ಯವಾಗಿದೆಯೇ ಕೇಳಿ; ಗೇರ್‌ಬಾಕ್ಸಿಗೆ ಹೋಗುವ ಸುದ್ದಿಯನ್ನು ಪರೀಕ್ಷಿಸಿ; ಒತ್ತಡ ಅಳೆಯಿಸಿ. ಬಿಚ್ಚುವುದು ಕಟ್ಟಕಡೆಗೆ. ಪ್ರತಿಯೊಂದನ್ನೂ ಬರೆದಿಡಿ. ಬರೆಯದ ಪ್ರಯೋಗಕ್ಕೆ ನಾನು ಅಂದೂ ಅಂಕ ಕೊಡುತ್ತಿರಲಿಲ್ಲ.

ಹುಡುಗ ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕ್ಯಾಮರೊ ಮಾರಾಟವಾಗಲಿಲ್ಲ, ಭಾನುವಾರಗಳಂದು ಅವನ ತಂದೆ ಅದನ್ನು ಓಡಿಸುತ್ತಾನೆ, ಓಡಿಸಿದ ಮೇಲೆ ಮಗನಿಗೆ ಫೋನ್ ಮಾಡಿ ಗೇರು ಹೇಗೆ ಬಿತ್ತೆಂದು ವರದಿ ಕೊಡುತ್ತಾನೆ.